ಬಳಿ ಅವಳದು, ಯಜಮಾನಿಕೆ ಯಾರದು?

ಬಾರಕೂರಿನ ಭೂತಾಳಪಾಂಡ್ಯನ ಐತಿಹ್ಯವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಕೇಳದವರು ಕಡಿಮೆ. ಹಡಗು ನೀರಿಗಿಳಿಯಲು ಕುಂಡೋದರ ಭೂತ ನರಬಲಿ ಬೇಡುತ್ತದೆ. ಅರಸ ದೇವಪಾಂಡ್ಯನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪುವುದಿಲ್ಲ. ಅರಸನ ಸೋದರಿ ಸತ್ಯವತಿ ಮಗನನ್ನು ಒಪ್ಪಿಸುತ್ತಾಳೆ. ಭೂತ ಹುಡುಗನನ್ನು ಉಳಿಸಿ ಪಟ್ಟಕ್ಕೇರಿಸುತ್ತದೆ; ಅವನೇ ಭೂತಾಳಪಾಂಡ್ಯ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಪದ್ಧತಿ ಹುಟ್ಟಿದ್ದು ಹೀಗಂತೆ.

ಹೇಳುವವರೆಲ್ಲ ಸತ್ಯವತಿಯನ್ನು ಹೊಗಳುತ್ತಾರೆ. ನನಗೆ ಕಥೆಯ ಗಟ್ಟಿ ಹೆಣ್ಣಾಗಿ ಕಾಣುವವಳು ಆ ಹೆಂಡತಿ. ಅರಸನಿಗೂ ಭೂತಕ್ಕೂ ಆಗದು ಎಂದವಳು ಅವಳೊಬ್ಬಳೇ. ಅದಕ್ಕೇ ಅವಳ ಮಕ್ಕಳಿಗೆ ಆಸ್ತಿ ತಪ್ಪಿತು. ಕೊಟ್ಟವಳಿಗಾದರೂ ದಕ್ಕಿದ್ದೇನು? ಪಟ್ಟ ಮಗನಿಗೆ ಹೋಯಿತು. ಆಸ್ತಿ ಮಾವನ ಕೈಯಿಂದ ಅಳಿಯನ ಕೈಗೆ ದಾಟಿತು.

ಹಾಗೆಂದು ಪದ್ಧತಿಯನ್ನೇ ತಳ್ಳಿಹಾಕುವಂತಿಲ್ಲ. ತಾಯಿಯಿಂದ ಬಳಿ, ಅಂದರೆ ಕುಲ, ಹಿಡಿಯುವ ಬಂಟರು, ಮೊಗವೀರರು, ಬಿಲ್ಲವರಲ್ಲಿ ಗಂಡ ತೀರಿಕೊಂಡರೂ, ಗಂಡನನ್ನು ಬಿಟ್ಟು ಬಂದರೂ ಕುಟುಂಬದ ಮನೆಯಲ್ಲಿ ಹೆಣ್ಣು ಯಾರ ಹಂಗಿಲ್ಲದೆ ಇರಬಹುದಿತ್ತು. ಹಿರಿಯಳಾದರೆ ಯಜಮಾನ್ತಿಯೂ ಆಗಬಹುದಿತ್ತು. ಆದರೂ ಗೇಣಿಯ ಲೆಕ್ಕ, ಕೋರ್ಟು ಕಚೇರಿಯ ಓಡಾಟ ಹೆಚ್ಚಾಗಿ ಮಾವಂದಿರ ಕೈಯಲ್ಲೇ ಉಳಿದವು.

ಪದ್ಧತಿಯ ಒಳಗುಟ್ಟು ಬಯಲಾಗುವುದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ. ಕುಟುಂಬದ ಕವಲಿನಲ್ಲಿ, ಅಂದರೆ ಕವರಿನಲ್ಲಿ, 50 ವರ್ಷ ತುಂಬದ ಹೆಣ್ಣೊಬ್ಬಳಾದರೂ ಇದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ಪಾಲಾಗುವಾಗ ಎದುರಿಗೆ ಸಂತತಿ ಕವರಿದ್ದರೆ ನಿಸ್ಸಂತತಿ ಕವರಿಗೆ ಜೀವಾವಧಿ ಹಕ್ಕು ಮಾತ್ರ. 49ರ ಹೆಂಗಸಿನಿಂದ ಕವರಿಗೆ ಬೆಲೆ, 50 ತುಂಬಿದವಳು ಲೆಕ್ಕಕ್ಕಿಲ್ಲ. ಮನ್ನಣೆ ಸಿಕ್ಕಿದ್ದು ಅವಳ ಬಸಿರಿಗೆ.

ಆಫ್ರಿಕದ ಕಬ್ಬಿಣ ಕರಗಿಸುವವರಲ್ಲೂ ಇಂಥದೇ ತರ್ಕವಿತ್ತು. ಇತಿಹಾಸಜ್ಞೆ ಯುಜೀನಿಯಾ ಹರ್ಬರ್ಟ್ 1993ರ ತಮ್ಮ ಪುಸ್ತಕದಲ್ಲಿ ಅದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಜಿಂಬಾಬ್ವೆಯ ಶೋನಾ ಜನ ಕುಲುಮೆಗೆ ಮಣ್ಣಿನ ಮೊಲೆ ಮೆತ್ತಿ ಹೆಣ್ಣಿನ ರೂಪ ಕೊಡುತ್ತಿದ್ದರು. ಕಬ್ಬಿಣ ಅದರ ಕೂಸು. ಹಲವೆಡೆ ಹೆಂಗಸರು ಅದಿರು ಹೊತ್ತು ತರಬೇಕಿತ್ತು, ಮುಟ್ಟಾದವರು ಮಾತ್ರ ಕುಲುಮೆಯತ್ತ ಸುಳಿಯುವಂತಿರಲಿಲ್ಲ. ಹೆರುವ ಶಕ್ತಿಗೆ ಪೂಜೆ, ಹೆರುವವಳಿಗೆ ನಿಷೇಧ. ನಮ್ಮವರು ಅಷ್ಟು ದೂರ ಹೋಗಲಿಲ್ಲ, ಇರಲು ಮನೆಯನ್ನಾದರೂ ಕೊಟ್ಟರು. ಆ ವ್ಯತ್ಯಾಸ ಸಣ್ಣದಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯಲ್ಲಿ ಅಳಿಯಸಂತಾನ ಸಡಿಲವಾಯಿತು, ಬಳಿ ಉಳಿಯಿತು. ‘ನಮ್ಮಲ್ಲಿ ಹೆಣ್ಣಿಗೇ ಪ್ರಾಧಾನ್ಯ’ ಎಂದು ವೇದಿಕೆಯಲ್ಲಿ ಹೇಳುವವರು ಮೊದಲು ತಮ್ಮ ಕುಟುಂಬದ ದೈವದ ಮನೆಯ ಲೆಕ್ಕಪತ್ರಕ್ಕೆ ಸಹಿ ಹಾಕುವ ಹೆಂಗಸರೆಷ್ಟು ಎಂದು ಎಣಿಸಲಿ.