ಮಾತಿನ ಮೊದಲ ತಪಾಸಣೆ: ಮುಂಬಯಿಯ ಮಗುವನ್ನು ಯಾವ ಭಾಷೆಯಲ್ಲಿ ಅಳೆಯಬೇಕು?

1983ರಲ್ಲಿ ಸ್ಥಾಪನೆಯಾದ, ಬಾಂದ್ರಾ ರಿಕ್ಲಮೇಶನ್‌ನಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಗೋ, ಮುಂಬಯಿ ಸೆಂಟ್ರಲ್ ಬಳಿಯ ನಾಯರ್ ಆಸ್ಪತ್ರೆಗೋ ಮಾತು ಬಾರದ ಮಗುವನ್ನು ಎತ್ತಿಕೊಂಡು ಬರುವವರು ಅಂದೇ ಚಿಕಿತ್ಸೆ ಶುರುವಾಗಲಿ ಎಂದು ಬಯಸುತ್ತಾರೆ. ಆದರೆ ಮೊದಲ ದಿನ ಸಿಗುವುದು ಬರೀ ಪ್ರಶ್ನೆ. ಹುಟ್ಟಿದ ಕೂಡಲೇ ಅತ್ತಿತೇ? ಕಾಮಾಲೆ ಬಂದಿತ್ತೇ? ಕತ್ತು ನಿಂತದ್ದು ಯಾವಾಗ? ಮಾತಿಗೂ ಕಾಮಾಲೆಗೂ ಏನು ಸಂಬಂಧ ಎಂದು ಅಜ್ಜಿ ಗೊಣಗಬಹುದು. ಸಂಬಂಧವಿದೆ: ನವಜಾತ ಶಿಶುವಿನ ತೀವ್ರ ಕಾಮಾಲೆ ಶ್ರವಣ ನರಕ್ಕೇ ಪೆಟ್ಟು ಕೊಡಬಲ್ಲದು.

ಆಮೇಲೆ ಕಿವಿ. ಬಾಗಿಲು ಬಡಿದರೆ ತಿರುಗಿ ನೋಡುವ ಮಗುವಿಗೂ 'ಸ', 'ಶ'ದಂಥ ತೆಳುದನಿಗಳು ಕೇಳಿಸದಿರಬಹುದು. ಆದ್ದರಿಂದ ಶ್ರವಣ ಪರೀಕ್ಷೆಯಿಲ್ಲದೆ ಬರೆದ ವರದಿಯನ್ನು ಪೂರ್ಣ ಎನ್ನಲಾಗದು.

ಇಡೀ ತಪಾಸಣೆಯ ಜೀವ ಇರುವುದು ಆಟದಲ್ಲಿ. ಥೆರಪಿಸ್ಟ್ ಚೆಂಡನ್ನು ಕುರ್ಚಿಯ ಕೆಳಗೆ ಉರುಳಿಸಿ, ಬೆರಳು ತೋರಿಸದೆ, ಕಣ್ಣನ್ನೂ ಅತ್ತ ಹೊರಳಿಸದೆ, "ಚೆಂಡು ತಾ" ಎನ್ನುತ್ತಾರೆ. ಮಗು ಬಗ್ಗಿ ತಂದರೆ ಅದು ಮಾತನ್ನು ತಿಳಿದುಕೊಂಡಿದೆ ಎಂದರ್ಥ. ಬೆರಳು ತೋರಿಸಿದಾಗ ಮಾತ್ರ ತಂದರೆ ಅದು ಸನ್ನೆಯನ್ನು ತಿಳಿದುಕೊಂಡಿದೆ. ಸಾಬೂನಿನ ಗುಳ್ಳೆ ಊದಿ ಥಟ್ಟನೆ ನಿಲ್ಲಿಸುತ್ತಾರೆ: ಇನ್ನೂ ಬೇಕೆಂದು ಮಗು ಮುಖ ನೋಡುತ್ತದೆಯೇ, ಕೈ ಎಳೆಯುತ್ತದೆಯೇ, ಸುಮ್ಮನೆ ಹೊರಟುಹೋಗುತ್ತದೆಯೇ? ನೋಡುವವರಿಗೆ ಇದು ಕಾಲಹರಣದಂತೆ ಕಾಣಬಹುದು. ಆದರೆ ಈ ಕಸುಬಿನ ಸೂಕ್ಷ್ಮವೆಲ್ಲ ಇಲ್ಲಿಯೇ ಇದೆ.

ತಕರಾರು ಇರುವುದು ಭಾಷೆಯ ವಿಷಯದಲ್ಲಿ. ಡೊಂಬಿವಲಿಯ ಉಡುಪಿ ಮೂಲದ ಮನೆಯೊಂದನ್ನು ಊಹಿಸಿಕೊಳ್ಳಿ: ಅಜ್ಜಿಯದು ತುಳು, ತಾಯಿಯದು ಕನ್ನಡ, ಕಟ್ಟಡದ ಮಕ್ಕಳದು ಹಿಂದಿ-ಮರಾಠಿ, ಪ್ಲೇಸ್ಕೂಲಿನದು ಇಂಗ್ಲಿಷ್. ಹಿಂದಿಯಲ್ಲಷ್ಟೇ ಕೇಳಿದರೆ ಈ ಮಗುವಿನ ಶಬ್ದಸಂಪತ್ತು ಬಡವಾಗಿಯೇ ಕಂಡೀತು. ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಿ ಎಣಿಸುವುದೇ ನ್ಯಾಯ; ನಿಜವಾದ ಭಾಷಾದೋಷವಿದ್ದರೆ ಅದು ಎಲ್ಲ ಭಾಷೆಗಳಲ್ಲೂ ಕಾಣಿಸಿಕೊಳ್ಳುತ್ತದೆ. 1965ರಲ್ಲಿ ಹುಟ್ಟಿದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ದೆಸೆಯಿಂದ ಕನ್ನಡಕ್ಕೆ ತನ್ನದೇ ಪರೀಕ್ಷೆಗಳಿವೆ. ಆದರೆ ಅವನ್ನು ನಡೆಸಲು ಕನ್ನಡ ಬಲ್ಲವರು ಬೇಕು. ಮುಂಬಯಿಯಲ್ಲಿ ಅದು ಅದೃಷ್ಟದ ಮಾತು. ಅಂಥವರು ಸಿಗದಿದ್ದಾಗ ತಾಯಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಕೇಳಿಸುವ ಥೆರಪಿಸ್ಟ್ ಅರ್ಧ ಕೊರತೆಯನ್ನು ತುಂಬಿಕೊಡುತ್ತಾರೆ.

ಮನ್ನಿಸಲಾಗದ್ದು ಇನ್ನೊಂದು: "ಮನೆಯಲ್ಲಿ ಕನ್ನಡ ಬಿಡಿ, ಒಂದೇ ಭಾಷೆ ಆಡಿ" ಎಂಬ ಸಲಹೆ. ಹಲವು ಭಾಷೆ ಕೇಳಿದ್ದರಿಂದ ಮಾತು ತಡವಾಗುತ್ತದೆ ಎಂಬುದಕ್ಕೆ ಸಂಶೋಧನೆಯ ಬೆಂಬಲವಿಲ್ಲ. ಈ ಸಲಹೆ ಪಾಲಿಸಿದ ಮನೆಯಲ್ಲಿ ಮಗುವಿನೊಡನೆ ದಿನವಿಡೀ ಮಾತಾಡುವ ಅಜ್ಜಿಯೇ ಮೂಕಳಾಗಬೇಕಾಗುತ್ತದೆ. ಹಾಗಾದಾಗ ನಷ್ಟ ಮಗುವಿಗೇ.

ತಪಾಸಣೆಗೆ ಹೋಗುವ ಮುನ್ನ ಮಗು ಆಡುವ ಪದಗಳನ್ನೆಲ್ಲ, ಯಾವ ಭಾಷೆಯದೇ ಆಗಲಿ, ಬರೆದಿಟ್ಟುಕೊಳ್ಳಬೇಕು. ಮನೆಯಲ್ಲಿ ಆಡುವಾಗಿನ ಒಂದು ಮೊಬೈಲ್ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಖಾಸಗಿ ಕ್ಲಿನಿಕ್ಕಾದರೆ ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಬಹುದು. ವರದಿ ಕೈಗೆ ಬಂದಾಗ ಮಗುವನ್ನು ಯಾವ ಭಾಷೆಯಲ್ಲಿ ಪರೀಕ್ಷಿಸಲಾಯಿತು ಎಂಬ ಸಾಲು ಅದರಲ್ಲಿ ಇಲ್ಲದಿದ್ದರೆ, ಅಲ್ಲಿಯೇ ಕೂತು ಬರೆಸಿಕೊಂಡು ಬರಬೇಕು.