ವಿಶ್ವಕೋಶದಲ್ಲಿ ಕುಗ್ರಾಮದ ಸ್ಥಾನ

ಹತ್ತಾರು ಮನೆಗಳ ಒಂದು ಹಳ್ಳಿಗೆ ವಿಶ್ವಕೋಶದಲ್ಲಿ ಸ್ವತಂತ್ರ ಲೇಖನ ಸಲ್ಲಬೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಹಸ್ತಪ್ರತಿಗಳ ಪುಷ್ಪಿಕೆಗಳಲ್ಲಿಯೂ ಶಾಸನಗಳಲ್ಲಿಯೂ ಬರುವ ಊರುಗಳ ಗುರುತಿಗಾಗಿ ಕೋಶಗಳನ್ನು ತೆರೆಯುವ ಸಂಶೋಧಕನಿಗೆ ಇದು ಕ್ಷುಲ್ಲಕವಲ್ಲ. ಲಿಪಿಕಾರನ ಊರು ಯಾವುದೆಂದು ನಿರ್ಧಾರವಾಗದಿದ್ದರೆ ಪ್ರತಿಯ ಮೂಲಪರಂಪರೆಯನ್ನು ನಿರ್ಣಯಿಸುವ ಒಂದು ಮುಖ್ಯ ಸಾಧನವೇ ಕೈತಪ್ಪುತ್ತದೆ.

ಮುದ್ರಿತ ಕೋಶಗಳ ಕಾಲದಲ್ಲಿ ಈ ಪ್ರಶ್ನೆಗೆ ಪುಟಗಳ ಮಿತಿಯೇ ಉತ್ತರವಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದಿತು. ಅಂಥ ಯೋಜನೆಯಲ್ಲಿ ಆಯ್ಕೆ ಅನಿವಾರ್ಯ. 2001ರಲ್ಲಿ ಆರಂಭವಾದ ವಿಕಿಪೀಡಿಯಕ್ಕೆ ಪುಟಗಳ ಮಿತಿಯಿಲ್ಲ. ಅದರ ಇಂಗ್ಲಿಷ್ ಆವೃತ್ತಿಯು ಒಂದು ಸೂತ್ರವನ್ನು ಅಂಗೀಕರಿಸಿದೆ: ಶಾಸನಬದ್ಧವಾಗಿ ಮಾನ್ಯವಾದ ಜನವಸತಿಯು, ಜನಸಂಖ್ಯೆ ಎಷ್ಟೇ ಅಲ್ಪವಾಗಿದ್ದರೂ, ಸಾಮಾನ್ಯವಾಗಿ ಲೇಖನಾರ್ಹವೆಂದು ಭಾವಿಸತಕ್ಕದ್ದು, ಊರು ಹಾಳಾದ ಮಾತ್ರಕ್ಕೆ ಆ ಅರ್ಹತೆ ಅಳಿಯದು.

ಈ ಸೂತ್ರದ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಸಂಪಾದಕನ ಅಭಿರುಚಿಗೂ ಪಕ್ಷಪಾತಕ್ಕೂ ಇಲ್ಲಿ ಅವಕಾಶ ಕಡಿಮೆ. ನಗರವಾಸಿಯ ಕಣ್ಣಿಗೆ ಬೀಳದ ಊರೂ ಪಟ್ಟಣದ ಸಾಲಿನಲ್ಲಿ ನಿಲ್ಲುತ್ತದೆ. ಆದರೆ ಸೂತ್ರದ ಭಾರವೆಲ್ಲ 'ಮಾನ್ಯತೆ' ಎಂಬ ಒಂದೇ ಪದದ ಮೇಲೆ ನಿಂತಿದೆ. ದೋಷವಿರುವುದೂ ಅಲ್ಲಿಯೇ.

ಇರಾನ್ ದೇಶದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಅಲ್ಲಿಯ ಜನಗಣತಿಯಲ್ಲಿ 'ಆಬಾದಿ' ಎಂಬುದು ಎಣಿಕೆಯ ಒಂದು ಘಟಕ. ಹಳ್ಳಿಗಳಷ್ಟೇ ಅಲ್ಲದೆ ನೀರೆತ್ತುವ ಪಂಪುಗಳು, ತೋಟಗಳು, ಕಾರ್ಖಾನೆಗಳು ಸಹ ಆ ಹೆಸರಿನಲ್ಲಿ ಪಟ್ಟಿಯನ್ನು ಸೇರಿವೆ. ಪಟ್ಟಿಯನ್ನೇ ಪ್ರಮಾಣವೆಂದು ನಂಬಿ ಒಂದೆರಡು ವಾಕ್ಯಗಳ ಸಾವಿರಾರು ಲೇಖನಗಳು ರಚಿತವಾದುವು. ಅವುಗಳಲ್ಲಿ ಹಲವು ಊರುಗಳೇ ಅಲ್ಲವೆಂದು ತಿಳಿದುಬಂದು, 2021ರಿಂದೀಚೆಗೆ ಬಹುಸಂಖ್ಯೆಯಲ್ಲಿ ಅಳಿಸಬೇಕಾಯಿತು. ಅಮೆರಿಕದ ಭೂವೈಜ್ಞಾನಿಕ ಇಲಾಖೆಯ ಸ್ಥಳನಾಮಕೋಶವನ್ನು ಆಧರಿಸಿದ ಲೇಖನಗಳಿಗೂ ಇದೇ ಗತಿ ಒದಗಿತು. ರೈಲುಗಾಡಿ ನಿಲ್ಲುವ ಪಕ್ಕದ ಹಳಿಗಳು ಸಹ ಅಲ್ಲಿ 'ಜನವಸತಿ'ಗಳಾಗಿದ್ದುವು. ಪ್ರತಿಯನ್ನು ಮೂಲದೊಡನೆ ತಾಳೆನೋಡದೆ ಅಚ್ಚಿಗೆ ಕಳುಹಿಸುವ ಸಂಪಾದಕನ ತಪ್ಪಿಗೂ ಇದಕ್ಕೂ ಭೇದವಿಲ್ಲ.

ಕರ್ನಾಟಕದಲ್ಲಿ ಈ ದೋಷ ಎರಡು ಮುಖಗಳಲ್ಲಿ ತೋರುತ್ತದೆ. ಕಂದಾಯದ ದಾಖಲೆಯಲ್ಲಿ 'ಬೇಚರಾಕ್' ಎನಿಸಿದ ಗ್ರಾಮಗಳುಂಟು. ಹೆಸರಿದೆ, ಎಲ್ಲೆಯಿದೆ, ವಾಸಿಸುವ ಜನರಿಲ್ಲ. ಇದಕ್ಕೆ ವಿಪರೀತವಾಗಿ ಹಟ್ಟಿ, ಹಾಡಿ, ತಾಂಡಾಗಳಲ್ಲಿ ಜನರು ತಲೆಮಾರುಗಳಿಂದ ಬಾಳುತ್ತಿದ್ದರೂ ದಾಖಲೆಯಲ್ಲಿ ಪ್ರತ್ಯೇಕ ಹೆಸರಿಲ್ಲದೆ ಬೇರೊಂದು ಗ್ರಾಮದ ಮಜರೆಗಳಾಗಿ ಉಳಿದುವು. ಇತ್ತೀಚಿನ ವರ್ಷಗಳಲ್ಲಿ ಇಂಥ ಹಲವು ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿದೆ. ಸೂತ್ರವನ್ನು ಅಕ್ಷರಶಃ ಅನ್ವಯಿಸಿದರೆ ಒಲೆ ಉರಿಯದ ಊರಿಗೆ ಲೇಖನ, ಒಲೆ ಉರಿಯುವ ಹಟ್ಟಿಗೆ ಘೋಷಣೆಯ ದಿನದವರೆಗೂ ಮೌನ. ಘೋಷಣೆಯ ಹಿಂದಿನ ದಿನವೂ ಮರುದಿನವೂ ಹಟ್ಟಿ ಒಂದೇ ಆಗಿರುವುದರಿಂದ ಈ ಭೇದ ಯುಕ್ತಿಸಹವಲ್ಲ.

ಹಾಗಾದರೆ ಪ್ರಸಿದ್ಧಿಯೇ ಪ್ರಮಾಣವಾಗಲೆಂದು ಕೆಲವರು ವಾದಿಸಬಹುದು. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯನ್ನು ಗಮನಿಸಬೇಕು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅಲ್ಲಿಯ ಶಾಸನವನ್ನು ಬೆಳಕಿಗೆ ತಂದರು. ಅದರ ಕಾಲವನ್ನು ಸುಮಾರು ಕ್ರಿ.ಶ. 450 ಎಂದು ನಿರ್ದೇಶಿಸಿದರು. 1935ರಲ್ಲಿ ಕೋಶಕಾರನೊಬ್ಬನು ಪ್ರಸಿದ್ಧಿಯನ್ನು ಒರೆಗಲ್ಲಾಗಿಸಿದ್ದರೆ ಹಲ್ಮಿಡಿಯನ್ನು ನಿಸ್ಸಂಶಯವಾಗಿ ಕೈಬಿಡುತ್ತಿದ್ದನು. ಶಾಸನ ದೊರೆತ ಊರಿಗೆ ಶಾಸನದ ಕೀರ್ತಿ ಸಲ್ಲದು, ಲೇಖನವಿರಬೇಕಾದುದು ಶಾಸನಕ್ಕೆ ಮಾತ್ರ ಎಂಬ ಆಕ್ಷೇಪವೂ ಇಲ್ಲಿ ನಿಲ್ಲದು. ವಿಜ ಅರಸನಿಗೆ ಕೊಟ್ಟ ದತ್ತಿಯಾಗಿ ಪಲ್ಮಡಿ, ಮೂೞಿವಳ್ಳಿ ಎಂಬ ಎರಡು ಊರುಗಳನ್ನು ಆ ಶಾಸನವೇ ಹೆಸರಿಸುತ್ತದೆ. ಪಲ್ಮಡಿಯೇ ಇಂದಿನ ಹಲ್ಮಿಡಿ. ಶಿಲೆಯನ್ನು ಮೈಸೂರಿಗೆ ಸಾಗಿಸಲಾಗಿದೆಯಾದರೂ ಶಾಸನದ ವಿಷಯ ಊರೇ ಆಗಿದೆ. ಜೊತೆಯಲ್ಲಿಯೇ ಹೆಸರು ಪಡೆದ ಮೂೞಿವಳ್ಳಿ ಮಾತ್ರ ಹಲ್ಮಿಡಿಯ ಪ್ರಸಿದ್ಧಿಯನ್ನು ಪಡೆಯಲಿಲ್ಲ. ಒಂದೇ ದಾಖಲೆ ಸಮಾನವಾಗಿ ಹೆಸರಿಸಿದ ಎರಡು ಊರುಗಳನ್ನು ಪ್ರಸಿದ್ಧಿಯು ಹೀಗೆ ಬೇರ್ಪಡಿಸುವುದಾದರೆ ಅದನ್ನು ಪ್ರಮಾಣವೆನ್ನಲಾಗದು.

ಜೈನ ಸಾಹಿತ್ಯಚರಿತ್ರೆಯಲ್ಲಿ ಊರಿನ ಗುರುತಿಗಿರುವ ಬೆಲೆಗೆ ಕೊಂಡಕುಂದೆ ನಿದರ್ಶನ. ಪದ್ಮನಂದಿ ಆಚಾರ್ಯರು ಕೊಂಡಕುಂದರೆಂದು ಖ್ಯಾತರಾದುದು ಆ ಊರಿನಿಂದ. ಅದನ್ನು ಅನಂತಪುರ ಜಿಲ್ಲೆಯ ಕೊನಕೊಂಡ್ಲವೆಂದು ಪಿ.ಬಿ. ದೇಸಾಯಿ ಮೊದಲಾದವರು ಗುರುತಿಸಿದ್ದಾರೆ. ಒಂದು ಅನ್ವಯದ ಹೆಸರೇ ಒಂದು ಊರಿನ ಹೆಸರಿನಲ್ಲಿ ಅಡಗಿರುವಾಗ ಹಳೆಯ ರೂಪವನ್ನೂ ಹೊಸ ರೂಪವನ್ನೂ ಒಂದೆಡೆ ಕೊಡದ ಲೇಖನ ಇದ್ದೂ ನಿಷ್ಫಲ. ಹೊಸಹಳ್ಳಿ, ರಾಮಪುರ ಮುಂತಾದ ಹೆಸರುಗಳು ತಾಲ್ಲೂಕು ತಾಲ್ಲೂಕಿಗೂ ದೊರೆಯುವುದರಿಂದ, ಹೋಬಳಿಯನ್ನು ಸೂಚಿಸದೆ ಜನಸಂಖ್ಯೆಯನ್ನಷ್ಟೇ ನೀಡುವ ಲೇಖನವು ಸಂಶಯವನ್ನು ನಿವಾರಿಸುವ ಬದಲು ಹೆಚ್ಚಿಸುತ್ತದೆ.

ಆದುದರಿಂದ ಕೋಶಕಾರನು ಮೂರು ಅಂಶಗಳನ್ನು ಪರಿಶೀಲಿಸುವುದು ಯುಕ್ತ. ಊರು ವಾಸ್ತವವಾಗಿ ಇದೆಯೇ ಅಥವಾ ಇತ್ತೇ. ಅದೇ ಹೆಸರಿನ ಇತರ ಊರುಗಳಿಂದ ಅದನ್ನು ಬೇರ್ಪಡಿಸಬಹುದೇ. ಎಣಿಕೆಯ ಸಾಲಿಗಿಂತ ಹೆಚ್ಚಿನ ಸಂಗತಿಯೊಂದನ್ನು ಸ್ವತಂತ್ರವಾದ ಆಧಾರ ಹೇಳುತ್ತದೆಯೇ. ಮೂರೂ ಇದ್ದಲ್ಲಿ ಮನೆಗಳು ಐದಿದ್ದರೂ ಲೇಖನ ಸಲ್ಲಬೇಕು. ಮೊದಲ ಎರಡು ಮಾತ್ರ ಇದ್ದಲ್ಲಿ ಹೋಬಳಿಯ ಪಟ್ಟಿಯಲ್ಲಿ ನಾಮಾಂತರಗಳೊಡನೆ ಒಂದು ಸಾಲು ಸಾಕು. ತಾಲ್ಲೂಕುವಾರು ಗ್ರಾಮನಾಮಗಳೊಡನೆ ಶಾಸನಗಳನ್ನು ಜೋಡಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು ಅಂಥ ಒಂದು ಸಾಲಿನ ಪ್ರಯೋಜನವನ್ನು ವಿದ್ವಾಂಸರಿಗೆ ಈಗಾಗಲೇ ತೋರಿಸಿಕೊಟ್ಟಿವೆ. ಮುಂದೆ ಶಾಸನವೋ ಓಲೆಗರಿಯೋ ದೊರೆತಾಗ ಆ ಸಾಲು ಲೇಖನವಾಗಿ ಬೆಳೆಯಲು ಅಡ್ಡಿಯಿಲ್ಲ. ಪಟ್ಟಿಯಿಂದಲೂ ಹೆಸರು ಬಿಟ್ಟುಹೋದರೆ ಮಾತ್ರ, ಪುಷ್ಪಿಕೆಯಲ್ಲಿ ತನ್ನ ಊರನ್ನು ಬರೆದಿಟ್ಟ ಲಿಪಿಕಾರನ ಶ್ರಮ ವ್ಯರ್ಥವಾಗುತ್ತದೆ. ಕನ್ನಡದ ಕೋಶಕಾರರು ಈ ದಿಸೆಯಲ್ಲಿ ಗಮನ ಹರಿಸುವುದು ಅಪೇಕ್ಷಣೀಯ.