ಕೊನೆಯ ಸೆಮಿಸ್ಟರಿನ ಮಾರ್ಗದರ್ಶನ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಿಂದ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಎಂ.ಎ., ಎಂ.ಎಸ್ಸಿ. ಓದಲು ಹೋಗುವವರಲ್ಲಿ ಅನೇಕರು ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವವರು. ನಂಜನಗೂಡಿಗೆ ರೈಲಾದರೂ ಇದೆ. ನರಸೀಪುರದವರಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು. ಈ ಭಾಗದ ಹುಡುಗಿಯರ ಸ್ನಾತಕೋತ್ತರ ಓದಿಗೆ ಈಚಿನ ವರ್ಷಗಳಲ್ಲಿ ಸಿಕ್ಕ ದೊಡ್ಡ ಆಸರೆ ಇದೇ ಎಂದು ನನ್ನ ಎಣಿಕೆ. ಓದಿಗೆ ದಾರಿ ಹೀಗೆ ಸಲೀಸಾಯಿತು. ಓದು ಮುಗಿದಮೇಲಿನ ದಾರಿಯನ್ನು ತೋರಿಸಬೇಕಾದ ವ್ಯವಸ್ಥೆ ಮಾತ್ರ ಇನ್ನೂ ಹಳೆಯ ಜಾಡಿನಲ್ಲೇ ಇದೆ.

ವೃತ್ತಿ ಮಾರ್ಗದರ್ಶನ ಎಂದು ನಮ್ಮ ಕಾಲೇಜುಗಳಲ್ಲೂ ವಿಭಾಗಗಳಲ್ಲೂ ನಡೆಯುವುದು ಸಾಮಾನ್ಯವಾಗಿ ಮೂರು ಬಗೆ: ಒಂದು ದಿನದ ಕಾರ್ಯಾಗಾರ, ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್, ಉದ್ಯೋಗ ಮೇಳ. ಕಾರ್ಯಾಗಾರ ಬರುವುದು ಬಹುಮಟ್ಟಿಗೆ ಕೊನೆಯ ಸೆಮಿಸ್ಟರಿನಲ್ಲಿ. ಬಯೋಡೇಟಾ ಬರೆಯುವುದು, ಇಂಟರ್‌ವ್ಯೂನಲ್ಲಿ ಕೂರುವ ರೀತಿ, ಇಂಗ್ಲಿಷ್ ಮಾತಿನ ಧೈರ್ಯ, ಇವು ಅಲ್ಲಿನ ಪಾಠ. ಬೇಡದ ಪಾಠವೇನೂ ಅಲ್ಲ. ಆದರೆ ಬಯೋಡೇಟಾದಲ್ಲಿ ಬರೆಯಲು ಏನಿರಬೇಕು ಎಂಬುದನ್ನು ಮೊದಲ ಸೆಮಿಸ್ಟರಿನಲ್ಲೇ ಹೇಳಿದ್ದರೆ, ಆ ವಿದ್ಯಾರ್ಥಿಗೆ ಅದನ್ನು ಸಂಪಾದಿಸಿಕೊಳ್ಳಲು ಎರಡು ವರ್ಷ ಸಿಗುತ್ತಿತ್ತು. ಮೇಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿಷಯ ಯಾವುದೆಂದು ಕೇಳದೆ ಬರೀ ‘ಯಾವುದೇ ಪದವಿ’ ಎಂದು ಕರೆಯುವ ಕೆಲಸಗಳಲ್ಲಿ ಎಂ.ಎ.ಯ ಎರಡು ವರ್ಷಕ್ಕೆ ಬೆಲೆಯೇ ಇರುವುದಿಲ್ಲ.

ಕೋಚಿಂಗ್ ವಿಚಾರ ಕೊಂಚ ಬಿಡಿಸಿ ನೋಡಬೇಕು. ಕಲಾ ವಿಷಯಗಳಲ್ಲಿ ಸ್ನಾತಕೋತ್ತರ ಓದಿದವರಿಗೆ ಎಲ್ಲರೂ ಹೇಳುವ ಮಾತು ‘ನೆಟ್ ಮಾಡಿಕೊ, ಕೆ-ಸೆಟ್ ಮಾಡಿಕೊ’. ಎರಡೂ ಕಾಲೇಜು ಅಧ್ಯಾಪಕರಾಗಲು ಬೇಕಾದ ಅರ್ಹತಾ ಪರೀಕ್ಷೆಗಳು. ಕೆ-ಸೆಟ್ಟನ್ನು ಬಹಳ ವರ್ಷ ಮೈಸೂರು ವಿಶ್ವವಿದ್ಯಾನಿಲಯವೇ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಈ ಪರೀಕ್ಷೆಗಳ ನಿಯಮದ ಪ್ರಕಾರ ಎರಡೂ ಪತ್ರಿಕೆ ಬರೆದವರಲ್ಲಿ ಅರ್ಹರಾಗುವುದು ಶೇ. 6ರಷ್ಟು ಜನ ಮಾತ್ರ. ಎಲ್ಲರೂ ಚೆನ್ನಾಗಿ ಓದಿಕೊಂಡು ಬಂದರೂ ಗೆರೆ ಮೇಲೇರುತ್ತದೆಯೇ ಹೊರತು ಗೆದ್ದವರ ಪಾಲು ಹಿಗ್ಗುವುದಿಲ್ಲ. ನರಸೀಪುರದ ಒಬ್ಬಳಿಗೆ ಕೋಚಿಂಗ್ ಉಪಕಾರ ಮಾಡಬಹುದು. ನರಸೀಪುರದಿಂದ ಹೋದ ಅಷ್ಟೂ ಜನಕ್ಕೆ ಅದೊಂದೇ ಮಾರ್ಗದರ್ಶನವಾದರೆ ನೂರರಲ್ಲಿ ಉಳಿದ ತೊಂಬತ್ತನಾಲ್ಕು ಮಂದಿಯ ಗತಿ ಏನೆಂದು ಯಾರಾದರೂ ಯೋಚಿಸಬೇಕಲ್ಲವೇ?

ಗೆದ್ದವರ ಕಥೆಯೂ ಸುಖದ್ದೇನಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. 2022ರ ಮಾರ್ಚ್‌ನಲ್ಲಿ ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ ಪರೀಕ್ಷೆ ನಡೆದಾಗ ಇದ್ದ ಹುದ್ದೆ 1,242. ಅದೇ ವರ್ಷ ಸರ್ಕಾರ ಅತಿಥಿ ಉಪನ್ಯಾಸಕರ ಗೌರವಧನವನ್ನು 26ರಿಂದ 32 ಸಾವಿರ ರೂಪಾಯಿಗಳ ಮಟ್ಟಕ್ಕೆ ಏರಿಸಿತು. ವಾರಕ್ಕೆ 15 ಗಂಟೆ ಪಾಠ, ಪ್ರತಿ ಶೈಕ್ಷಣಿಕ ವರ್ಷವೂ ಹೊಸದಾಗಿ ಅರ್ಜಿ, ಮುಂದಿನ ವರ್ಷದ ಖಾತ್ರಿ ಇಲ್ಲ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ತರಗತಿ ಬಿಟ್ಟು ಬೀದಿಗೆ ಬಂದರು. ಮೇಷ್ಟರಾಗುವ ಆಸೆ ಒಳ್ಳೆಯ ಆಸೆಯೇ. ಆ ಆಸೆ ಇಟ್ಟುಕೊಂಡು ಗಂಗೋತ್ರಿಗೆ ಬರುವ ಮಗುವಿಗೆ ಈ ಲೆಕ್ಕವನ್ನು ಮೊದಲ ವಾರದಲ್ಲೇ ಮುಚ್ಚುಮರೆ ಇಲ್ಲದೆ ಹೇಳುವುದು ಅಧ್ಯಾಪಕರ ಕರ್ತವ್ಯ. ಹೇಳದೆ ಹೋದರೆ ಅದು ಮೋಸ.

ಸರ್ಕಾರದ ಯುವನಿಧಿಯನ್ನು ಇಲ್ಲಿ ತೂಗಿ ನೋಡಬೇಕು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಈ ಯೋಜನೆ, ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಅರ್ಜಿ ಶುಲ್ಕಕ್ಕೆ, ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋಗಿಬರುವ ಖರ್ಚಿಗೆ ಮನೆಯವರ ಮುಂದೆ ಕೈಚಾಚುವ ಸಂಕಟವನ್ನು ಅದು ತಪ್ಪಿಸುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಉನ್ನತ ಶಿಕ್ಷಣ ಮುಂದುವರಿಸುವವರು ಇದಕ್ಕೆ ಅರ್ಹರಲ್ಲ. ಪದವಿ ಮುಗಿಸಿ ಕಾದು ಕೂತವಳಿಗೆ ಹಣವುಂಟು, ಎಂ.ಎ.ಗೆ ಸೇರಿದವಳಿಗಿಲ್ಲ. ಕಾಯುವಿಕೆಗೆ ನೆರವು ಕೊಡುವ ನೀತಿ ಕಲಿಕೆಯ ಕಾಲಕ್ಕೂ ಬೆಂಬಲವಾಗಿ ನಿಲ್ಲಬೇಕಿತ್ತು.

ಇನ್ನೊಂದು ಕಡೆ ನಂಜನಗೂಡನ್ನೇ ನೋಡಿ. ಊರಿನ ಸುತ್ತ ನೆಸ್ಲೆ ಇದೆ, ಜುಬಿಲಂಟ್ ಇದೆ, ಸರ್ಕ್ಯೂಟ್ ಬೋರ್ಡ್ ತಯಾರಿಸುವ ಎಟಿ ಅಂಡ್ ಎಸ್ ಇದೆ, ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಇದೆ, ಹಿಮ್ಮಾವಿನಲ್ಲಿ 2018ರಿಂದ ಏಷ್ಯನ್ ಪೇಂಟ್ಸ್ ಇದೆ. ರಸಾಯನಶಾಸ್ತ್ರ, ಆಹಾರ ವಿಜ್ಞಾನ, ಪರಿಸರ ವಿಜ್ಞಾನ ಓದಿದವರಿಗೆ ಬೇಕಾದ ಲ್ಯಾಬುಗಳೆಲ್ಲ ಮನೆಬಾಗಿಲಲ್ಲೇ ಇವೆ. ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ತಿದ್ದುಪಡಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಗೊತ್ತುಮಾಡಿತು. ಯುವನಿಧಿಯ ಮೂರು ಪಟ್ಟು ಹಣ, ಜೊತೆಗೆ ಒಂದು ವರ್ಷದ ಕೆಲಸದ ಅನುಭವ. ಕಾರ್ಯಾಗಾರದ ಭಾಷಣದಲ್ಲಿ ಬರಬೇಕಾದ ಮೊದಲ ಸಂಗತಿ ಇದು. ಪ್ಲೇಸ್‌ಮೆಂಟ್ ಸೆಲ್ಲಿನ ಹೊಣೆಯನ್ನು ಪಾಠದ ಜೊತೆಗೆ ಹೊರುವ ಮೇಷ್ಟರಿಗೆ ಕಾರ್ಖಾನೆಯ ಗೇಟಿನೊಳಗೆ ಹೋಗಿ ಮಾತಾಡಲು ಬಿಡುವು ಎಲ್ಲಿಂದ ಬರಬೇಕು? ಆ ಕೆಲಸಕ್ಕೇ ಒಬ್ಬರನ್ನು ಇಡದ ಹೊರತು ಸೆಲ್ ಎಂಬುದು ಬೋರ್ಡಾಗಿಯೇ ಉಳಿಯುತ್ತದೆ.

ಕನ್ನಡ, ಇತಿಹಾಸ, ಜಾನಪದ ಓದಿದವರಿಗೆ ಏನು ತೋರಿಸುವುದು ಎಂಬುದಕ್ಕೆ ಗಂಗೋತ್ರಿಯ ಚರಿತ್ರೆಯಲ್ಲೇ ಉತ್ತರವಿದೆ. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು. ಅಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳು ಬಂದವು, ಶಾಸನ ಸಂಪುಟಗಳಾದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿ ಬಂತು, ಹಸ್ತಪ್ರತಿಗಳ ಸಂಪಾದನೆ ನಡೆಯಿತು. ಓದು ಮುಗಿಸಿದ ಎಳೆಯರು ಹಿರಿಯರ ಪಕ್ಕದಲ್ಲಿ ಕೂತು ಶಾಸನ ಓದುವುದನ್ನೂ ಲೇಖನ ಸಂಕ್ಷೇಪಿಸುವುದನ್ನೂ ಕರಡು ತಿದ್ದುವುದನ್ನೂ ಕಲಿಯುವ ಜಾಗ ಅದು. ಸಂಬಳ, ಕಸುಬು, ಗುರು ಮೂರೂ ಒಂದೇ ಕೋಣೆಯಲ್ಲಿದ್ದವು. ಆ ಬಗೆಯ ದೊಡ್ಡ ಯೋಜನೆಗಳು ಕ್ಷೀಣಿಸಿದಮೇಲೆ ಮಾರ್ಗದರ್ಶನ ಕೇಂದ್ರ, ಪ್ರತ್ಯೇಕ ಕೊಠಡಿ, ಪ್ರತ್ಯೇಕ ಕಾರ್ಯಕ್ರಮ ಎಲ್ಲ ಬೇಕಾದವು. ವಿಶ್ವವಿದ್ಯಾನಿಲಯ ಕೊಟ್ಟ ಅತ್ಯುತ್ತಮ ವೃತ್ತಿ ತರಬೇತಿ ಆ ಯೋಜನೆಗಳೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಂಥ ಕೆಲಸಕ್ಕೆ ಈಗ ವಸ್ತುವಿನ ಬರವಿಲ್ಲ. 13ನೇ ಶತಮಾನದಲ್ಲಿ ಕಟ್ಟಿದ ಸೋಮನಾಥಪುರದ ಕೇಶವ ದೇವಾಲಯ ತಿ. ನರಸೀಪುರ ತಾಲ್ಲೂಕಿನದು; ಬೇಲೂರು, ಹಳೇಬೀಡುಗಳ ಜೊತೆ 2023ರ ಸೆಪ್ಟೆಂಬರ್‌ನಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ತಲಕಾಡು ಅದೇ ತಾಲ್ಲೂಕಿನಲ್ಲಿದೆ. 1927ರಿಂದ ಹೆಂಗಸರು ನೂಲುತ್ತಿರುವ ಬದನವಾಳು ನಂಜನಗೂಡು ತಾಲ್ಲೂಕಿನದು. ದೇವಾಲಯದ ಗೈಡುಗಳಿಗೆ ತರಬೇತಿ, ಶಿಲ್ಪಗಳ ಫೋಟೊ ದಾಖಲೆ, ಊರೂರಿನ ಮೌಖಿಕ ಇತಿಹಾಸ, ಖಾದಿ ಕೇಂದ್ರದ ಲೆಕ್ಕಪುಸ್ತಕಗಳ ಅಧ್ಯಯನ, ಇವನ್ನು ಎಂ.ಎ. ವಿದ್ಯಾರ್ಥಿಗಳ ಎರಡನೇ ವರ್ಷದ ಪ್ರಾಜೆಕ್ಟಾಗಿ ಮಾಡಿಸಿ, ಸಣ್ಣ ಮೊತ್ತವನ್ನಾದರೂ ಕೈಗಿಟ್ಟರೆ, ಕೊನೆಯ ಸೆಮಿಸ್ಟರಿನ ಹೊತ್ತಿಗೆ ಅವರ ಬಯೋಡೇಟಾದಲ್ಲಿ ಹೇಳಿಕೊಳ್ಳುವಂಥದ್ದು ಇರುತ್ತದೆ.

ಇದರ ಜೊತೆಗೆ ಪ್ರತಿ ವಿಭಾಗವೂ ಮಾಡಬಹುದಾದ, ಖರ್ಚಿಲ್ಲದ ಕೆಲಸ ಒಂದಿದೆ: ಕಳೆದ ಐದು ವರ್ಷಗಳಲ್ಲಿ ಅಲ್ಲಿ ಓದಿದವರು ಈಗ ಎಲ್ಲಿ, ಏನು ಕೆಲಸ ಮಾಡುತ್ತಿದ್ದಾರೆ ಎಂದು ವಿಚಾರಿಸಿ, ಹೆಸರಿಲ್ಲದೆ, ಕೆಲಸ ಮತ್ತು ಊರನ್ನಷ್ಟೇ ಬರೆದು ಪ್ರವೇಶದ ದಿನ ನೋಟಿಸ್ ಬೋರ್ಡಿಗೆ ಅಂಟಿಸುವುದು. ಮಗಳನ್ನು ಸೇರಿಸಲು ಜೊತೆಗೆ ಬಂದ ಅಪ್ಪ ಅವ್ವನೂ ಅದನ್ನು ಓದಲಿ.